ಸೀಟಿನ ಪಕ್ಕದ ಸಿಂಬಿ

ಫೋರ್ಕ್‌ಲಿಫ್ಟಿನ ಉದ್ದನೆಯ ತೋಳು ಇಟ್ಟಿಗೆಯ ಹೊರೆ ಹೊತ್ತು ಮೂರನೇ ಮಹಡಿಯತ್ತ ಚಾಚುತ್ತಿದ್ದಾಗ ಕ್ಯಾಬಿನ್ನಿನೊಳಗೆ ಎಚ್ಚರಿಕೆಯ ಬಜರ್ ಕಿರುಚಿಕೊಂಡಿತು. ಸೀಟಿನಲ್ಲಿ ಕೂತಿದ್ದವಳು ನಿನ್ನೆಯವರೆಗೂ ಅದೇ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತವಳು. ಸಂಜೆ ಹೊತ್ತು ಗಾಡಿ ಓಡಿಸಲು ಕಲಿತಿದ್ದಳು; ಇವತ್ತು ಪರೀಕ್ಷೆ. ಗೆದ್ದರೆ ಈ ಸೀಟು ಅವಳದು. ಸೋತರೆ ಇರಲಿ ಎಂದು, ಹೊರೆಯಡಿ ತಲೆಗಿಡುವ ಬಟ್ಟೆಯ ಸಿಂಬಿಯನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

“ಇನ್ನೊಂಚೂರು ಚಾಚಮ್ಮಾ, ಅದೇನು ನಾಚಿಕೆ?” ಮೇಲಿನಿಂದ ಮೇಸ್ತ್ರಿ ಕೂಗಿದ.

ಚಾಚಿದಷ್ಟೂ ತೋಳಿನ ಬಲ ಕುಗ್ಗುತ್ತದೆ, ಗಾಡಿ ಮುಂದಕ್ಕೆ ಮಗುಚುತ್ತದೆ. “ನಾಚಿಕೆ ಅಲ್ಲಣ್ಣಾ, ಹತ್ತಿರ ಬಂದೇ ಕೊಡ್ತೀನಿ!” ಎಂದವಳು ತೋಳನ್ನು ಒಳಗೆಳೆದು, ಇಳಿಸಿ, ಗಾಡಿಯನ್ನು ಗೋಡೆಯ ಬಳಿಗೆ ತಂದು ಮತ್ತೆ ಎತ್ತಿದಳು. ಈ ಸಲ ಬಜರ್ ತೆಪ್ಪಗಿತ್ತು. ಒಂದು ಇಟ್ಟಿಗೆಯೂ ಅಲುಗದೆ ಹೊರೆ ಮೇಲೆ ಕೂತಿತು.

“ನಾಳೆಯಿಂದ ಗಾಡಿಗೆ ನೀನೇ ಬಾರಮ್ಮಾ!”

ಅವಳು ಸಿಂಬಿಯನ್ನು ಬಿಚ್ಚಿ, ಅದರಿಂದಲೇ ಮುಂದಿನ ಗಾಜನ್ನು ಫಳಫಳನೆ ಒರೆಸಿದಳು. ಮತ್ತೆ ಸುತ್ತಿಡಲಿಲ್ಲ.