ಎಳ್ಳಿನ ಹಿಂಡಿ ತಿಂದ ಕೆಂಬೇರಿ

ಶಾಂತವಾಗಿ ಬೆಳೆದ ಕೆಂಬೇರಿ ಮೀನಿಗೆ ಕಿಲೋಗೆ ಎಂಟುನೂರು. ಗಾಬರಿಬಿದ್ದ ಮೀನಿಗೆ ಇನ್ನೂರೂ ಕಷ್ಟ. ಮೀನಿನ ಮನಸ್ಸು ಉಂಡವರಿಗೂ ಸಂಜೆಯವರೆಗೆ ಅಂಟುವುದರಿಂದ ಗಂಗೊಳ್ಳಿಯಲ್ಲಿ ಎಲ್ಲರೂ ವಿಚಾರಿಸಿಯೇ ಕೊಳ್ಳುತ್ತಿದ್ದರು.

ಅಪ್ಪನ ದೋಣಿಗಾಗಿ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ತಮ್ಮಂದಿರು ಪಾಲಿನ ಮಾತಿಗೆ ಊಟಕ್ಕೆ ಬರುವರೆಂದು ಜಲಜಕ್ಕ ತಾನು ಹೊಳೆಯ ಪಂಜರದಲ್ಲಿ ಸಾಕಿದ್ದ ಕೆಂಬೇರಿಗೆ ವಾರವಿಡೀ ಎಳ್ಳಿನ ಹಿಂಡಿ ಹಾಕಿದಳು. ಮೀನಿನ ಸಮಾಧಾನಕ್ಕೆ ದಿನಕ್ಕೆ ಒಂದು ಹಿಡಿ ಸಾಕಿತ್ತು. ಅಕ್ಕನ ಕೈ ತಡೆಯಲಿಲ್ಲ, ಮೂರು ಹಿಡಿ ಬಿತ್ತು.

ಊಟದ ದಿನ ಮೀನಿನ ಎರಡನೇ ತುತ್ತಿಗೇ ಕಿರಿಯವ ಬಚ್ಚ ಕಿಸಕ್ಕನೆ ನಕ್ಕ. "ಹ್ವಾಯ್ ಅಣ್ಣಾ, ದೋಣಿ ನಿಂಗೇ ಇರ್ಲಿ!"

"ನಂಗ್ ಬ್ಯಾಡ ಮಾರಾಯಾ, ನೀನೇ ಇಟ್ಕೋ!" ಹಿರಿಯವ ಶೀನ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗು ಇಳಿಯೂಕ್ ಮುಂಚೆ ಇಬ್ರೂ ಬಲೆ ಹಾಕಿ ಬನ್ನಿ," ಎಂದು, ತಾನು ಗಂಜಿಯನ್ನಷ್ಟೇ ಉಂಡಿದ್ದ ಜಲಜಕ್ಕ ಅವರನ್ನು ದೋಣಿ ಹತ್ತಿಸಿದಳು.

ಸಂಜೆ ನಗು ಇಳಿಯಿತು. ದೋಣಿ ತುಂಬ ಬಂಗುಡೆಯಿತ್ತು. ಪಾಲಿನ ಮಾತು ಯಾರೂ ಎತ್ತಲಿಲ್ಲ. ಜಲಜಕ್ಕನಿಗೆ ಒಂದು ಮೀನು ಹೋಯಿತು, ಇಬ್ಬರು ತಮ್ಮಂದಿರು ಸಿಕ್ಕಿದರು.