ಅನಾಥಾಲಯದ ಗಡಿಗೆ

ಅನ್ನ ಬಸಿದ ಗಂಜಿಯ ವಾಸನೆ ಬಂದರೆ ಇಂದಿಗೂ ಅಮ್ಮನ ಪಕ್ಕ ಹೋಗಿ ಕೂರಬೇಕೆನಿಸುತ್ತದೆ.

ಮಂಡಿ ಮೊಹಲ್ಲಾದ ನಮ್ಮ ಮನೆಯಲ್ಲಿ ಅಮ್ಮ ದಿನವೂ ಒಲೆ ಹಚ್ಚುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಅನಾಥಾಲಯಕ್ಕೆಂದು ಗಡಿಗೆಗೆ ಹಾಕುತ್ತಿದ್ದಳು. ಗಡಿಗೆ ತುಂಬಿದ ಭಾನುವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋದಳು.

ಅಡುಗೆಯವನು ಬಾಗಿಲಲ್ಲೇ ತಡೆದ. "ಇಲ್ಲೇ ಇಟ್ಬುಟ್ಟು ಹೋಗಿ ಅಮ್ಮಾ. ನಾವೇನು ತಿಂದ್ಬುಡ್ತೀವಾ?"

"ಅದನ್ನ ನೋಡೋಕೇ ಬಂದಿರೋದು ಕಣಪ್ಪ," ಎಂದು ಅಮ್ಮ ಒಳಗೆ ಹೋಗಿ ಮಕ್ಕಳ ಪಂಕ್ತಿಯ ಕೊನೆಯಲ್ಲಿ ಕುಳಿತಳು. ಎಲ್ಲ ತಟ್ಟೆಗೂ ಎರಡನೇ ಸಲ ಅನ್ನ ಬಿದ್ದ ಮೇಲೆಯೇ ಗಡಿಗೆ ಕೊಟ್ಟಳು.

ಮನೆಗೆ ಬಂದು ನನಗೆ ಅನ್ನ ಬಡಿಸಿ, ತಾನು ಗಂಜಿ ಕುಡಿಯತೊಡಗಿದಳು.

"ನಿಂಗೆ ಅನ್ನ ಬೇಡ್ವಾಮ್ಮ?"

"ನಂಗೆ ಗಂಜೀನೇ ಇಷ್ಟ ಕಣೇ, ನೀನು ಉಣ್ಣು."

ನಾನು ನಂಬಿದೆ. ಎರಡನೇ ಸಲವೂ ಹಾಕಿಸಿಕೊಂಡೆ.