ತುದಿಯ ಕೀ

ಎಡಗೈಯ ಕಿರುಬೆರಳು ಪಿಯಾನೋದ ಕಟ್ಟಕಡೆಯ ಕೀ ಮೇಲೆ ಬಂದಾಗ ಯದುಗಿರಿಗೆ ಜವರಯ್ಯನ ಮಾತು ನೆನಪಾಯಿತು. "ಆ ತುದೀದು ಸತ್ತೋಗೈತೆ ಕಣವ್ವಾ, ಗೆದ್ದಲು ತಿಂದೈತೆ. ಒತ್ತಬ್ಯಾಡಿ," ಎಂದು ಈ ಸಂಜೆಯ ಕಛೇರಿಗೆ ಮುಂಚೆ ಹೇಳಿದ್ದ ಅರಸೀಕೆರೆ ಕ್ಲಬ್ಬಿನ ಆ ಮುದಿ ಕಾವಲುಗಾರ.

ಬೊಂಬಾಯಿ, ಲಂಡನ್ನುಗಳಲ್ಲಿ ಕಛೇರಿ ನಡೆಸಿ ಬಂದವಳು ಮೊದಲು ಕಲಿತದ್ದು ಇದೇ ಪಿಯಾನೋದ ಮೇಲೆ. ಮನೆಯಲ್ಲಿ ಸಾಧನೆ ಮಾಡಲು ಪಿಯಾನೋ ಎಲ್ಲಿಂದ ಬರಬೇಕು? ಅಮ್ಮ ವೇದವಲ್ಲಿ ಉದ್ದನೆಯ ಹಲಗೆಯೊಂದರ ಮೇಲೆ ಸುಣ್ಣ, ಇದ್ದಿಲಿನಿಂದ ಕೀಗಳನ್ನು ಬರೆದುಕೊಟ್ಟಿದ್ದಳು. ಹಲಗೆ ಒಂದು ಕೀಯಷ್ಟು ಸಾಲದೆ ಬಂತು. ಅದಕ್ಕೇ ಅಮ್ಮ ದಿನಾ ಎಡಕ್ಕೆ ಕೂತು, ಹಲಗೆಯ ತುದಿಗೆ ಅಂಗೈ ಒಡ್ಡುತ್ತಿದ್ದಳು: "ಇಲ್ಲಿ ಒತ್ತೇ, ನಾನಿದೀನಲ್ಲ." ಆ ಅಂಗೈ ಚಿತೆಗೆ ಹೋದ ದಿನ ಯದುಗಿರಿ ಲಂಡನ್ನಿನಲ್ಲಿ ನುಡಿಸುತ್ತಿದ್ದಳು.

ಬೇಡವೆಂದುಕೊಂಡರೂ ಬೆರಳು ಒತ್ತಿಯೇಬಿಟ್ಟಿತು. ಸದ್ದು ಬರಲಿಲ್ಲ. ಆದರೆ ಕೀ ಬೆಚ್ಚಗಿತ್ತು, ಮೆತ್ತಗಿತ್ತು. ಒತ್ತಿದಷ್ಟೂ ಬಗ್ಗಿ, ಮೆಲ್ಲನೆ ಮಡಿಚಿಕೊಂಡು ಬೆರಳನ್ನು ಹಿಡಿದುಕೊಂಡಿತು.

ಚಪ್ಪಾಳೆ ಎದ್ದಿತು, ಅಡಗಿತು. ಯದುಗಿರಿ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಹತ್ತಿರ ಬಂದು, "ಎಲ್ಲಾ ಕಾಯ್ತಿದಾರೆ, ಏಳೇ ಯದೂ," ಎಂದರು.

"ಅಮ್ಮ ಬಿಡ್ತಾ ಇಲ್ಲಪ್ಪಾ."